ಮಿಡತೆಯೂ ಅನ್ನವೇ: ಮಕ್ಕಾ ಸೀಮೆಯಿಂದ ಮಲೆನಾಡಿನವರೆಗೆ
(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಭೋಜನಕ್ಕೆ ಮೊದಲು ಕೀಟಗಳನ್ನು ತಿನ್ನುವ ಮಾತೇ ಎಂದು ತಾವು ಹುಬ್ಬೇರಿಸಬಹುದು. ಆದರೆ ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ನಾವು, ಒಬ್ಬರ ಅನ್ನ ಇನ್ನೊಬ್ಬರಿಗೆ ಏಕೆ ಹೇಸಿಗೆಯಾಗುತ್ತದೆ ಎಂಬುದನ್ನು ವಿಚಾರಿಸಲೇಬೇಕು.

2019ರ ಜನವರಿಯಲ್ಲಿ ಮಕ್ಕಾದ ಮಸ್ಜಿದುಲ್ ಹರಾಮಿನ ಅಂಗಳಕ್ಕೆ ಕಪ್ಪು ಕೀಟಗಳು ಮುತ್ತಿಕೊಂಡವು. ಅವನ್ನು ನಿವಾರಿಸಲು ಅಲ್ಲಿನ ನಗರಾಡಳಿತವು 22 ತಂಡಗಳಲ್ಲಿ 138 ಮಂದಿಯನ್ನು ನಿಯೋಜಿಸಿತು. ಆ ಕೀಟಗಳನ್ನು ಯಾರೂ ಆಹಾರವೆಂದು ಬಗೆಯಲಿಲ್ಲ. ಆದರೆ ಅದೇ ಹಿಜಾಜ್ ಸೀಮೆಯಲ್ಲಿ ಮತ್ತೊಂದು ಕೀಟ ತಲೆತಲಾಂತರದಿಂದ ಆಹಾರವಾಗಿತ್ತು. ಅದು ಅರಬರು ‘ಜರಾದ್’ ಎಂದು ಕರೆಯುವ ಮರುಭೂಮಿಯ ಮಿಡತೆ.

1814-15ರಲ್ಲಿ ಹಿಜಾಜಿನಲ್ಲಿದ್ದ ಸ್ವಿಸ್ ಪ್ರವಾಸಿ ಬರ್ಕ್‌ಹಾರ್ಟ್, ಮಕ್ಕಾಕ್ಕೆ ಸಮೀಪದ ತಾಯಿಫ್‌ನಲ್ಲಿಯೂ ಮದೀನಾದಲ್ಲಿಯೂ ಮಿಡತೆಯ ಅಂಗಡಿಗಳನ್ನು ಕಂಡುದಾಗಿ ಬರೆದಿದ್ದಾನೆ. ಅಲ್ಲಿ ಧಾನ್ಯದಂತೆ ಅಳೆದು ಮಾರುತ್ತಿದ್ದರು. ಕುದಿಯುವ ಉಪ್ಪುನೀರಿನಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸಿ, ತಲೆ, ಕಾಲು, ರೆಕ್ಕೆಗಳನ್ನು ಕಿತ್ತು ಚೀಲಗಳಲ್ಲಿ ತುಂಬಿಡುವುದು ಕ್ರಮ. ಒಂದು ಚದರ ಕಿಲೋಮೀಟರ್ ವಿಸ್ತಾರದ ಮಿಡತೆ ಹಿಂಡು ದಿನವೊಂದಕ್ಕೆ ಸುಮಾರು 35,000 ಜನರ ಆಹಾರವನ್ನು ಕಬಳಿಸಬಲ್ಲದು. ಬೆಳೆ ತಿಂದದ್ದನ್ನೇ ತಿಂದು ಬದುಕುವುದು ಆ ಜನರ ವಿವೇಕ.

ಈ ವಿವೇಕಕ್ಕೆ ಮೇರೆಯೂ ಉಂಟು. ಇಸ್ಲಾಮಿನ ಧರ್ಮಶಾಸ್ತ್ರ ಮಿಡತೆಯನ್ನು ಮೀನಿನಂತೆ ಭಕ್ಷ್ಯವೆಂದು ಒಪ್ಪುತ್ತದೆ. ಆದರೆ ಮಕ್ಕಾದ ಹರಮ್ ಗಡಿಯೊಳಗೆ ಬೇಟೆ ನಿಷಿದ್ಧ. ಮಿಡತೆಯೂ ನೆಲದ ಬೇಟೆಯೇ ಎಂಬುದು ಬಹುಪಾಲು ವಿದ್ವಾಂಸರ ಮತ. ಅಲ್ಲಿ ಅದನ್ನು ಬೇಕೆಂದು ಕೊಂದವನು ಪ್ರಾಯಶ್ಚಿತ್ತ ಕೊಡಬೇಕು. ಜೆಡ್ಡಾದಲ್ಲಿ ಆಹಾರವಾಗಬಲ್ಲದ್ದು ಗಡಿ ದಾಟಿದೊಡನೆ ಅಭಯ ಪಡೆದ ಜೀವ!

ನಮ್ಮ ನಾಡಿಗೆ ಬರೋಣ. ಮಲೆನಾಡಿನಲ್ಲಿ ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಯನ್ನು ತಾವು ಬಲ್ಲಿರಿ. ಅದನ್ನು ಮೊಟ್ಟೆಸಹಿತ ಹುರಿದು, ಉಪ್ಪು, ಮೆಣಸಿನಕಾಯಿ, ಬೆಳ್ಳುಳ್ಳಿಯೊಡನೆ ಅರೆದರೆ ಚಗಳಿ ಚಟ್ನಿ. ಹುಣಿಸೆಯಿಲ್ಲದೆಯೇ ಅದಕ್ಕೆ ಹುಳಿ; ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಅದಕ್ಕೆ ಕಾರಣ. ಉತ್ತರ ಕನ್ನಡದ ಸಿದ್ದಿ ಜನರಲ್ಲಿಯೂ ಇದು ರೂಢಿ. ಮೊದಲ ಮಳೆಗೆ ಹುತ್ತದಿಂದೇಳುವ ಈಸಲನ್ನು ಹುರಿದು ತಿನ್ನುವವರೂ ನಮ್ಮಲ್ಲಿ ಉಂಟು. ಒಡಿಶಾದ ಸಿಮಿಲಿಪಾಲ್ ಪ್ರದೇಶದ ಇಂಥದೇ ಇರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿ, ಸುಮಾರು 200 ಕೋಟಿ ಜನರ ರೂಢಿಯ ಆಹಾರದಲ್ಲಿ ಕೀಟಗಳಿವೆ ಎಂದಿತು. ಐರೋಪ್ಯ ಒಕ್ಕೂಟವೂ 2021ರಲ್ಲಿ ವಲಸೆ ಮಿಡತೆಯನ್ನು ಆಹಾರವಾಗಿ ಮಾರಲು ಅನುಮತಿ ನೀಡಿತು. ಬಡವರ ತಟ್ಟೆಯಲ್ಲಿದ್ದಾಗ ಅನಾಗರಿಕವೆನಿಸಿದ್ದು ಅಂದದ ಪೊಟ್ಟಣದಲ್ಲಿ ಬಂದಾಗ ಪೌಷ್ಟಿಕವೆನಿಸುವುದು ವಿಚಿತ್ರವಲ್ಲವೇ?

ಆದರೆ ಎಚ್ಚರವೂ ಬೇಕು. ಇಂದು ಮಿಡತೆಯ ಹಿಂಡು ಕಂಡೊಡನೆ ಸರ್ಕಾರಗಳು ಕೀಟನಾಶಕ ಸಿಂಪಡಿಸುತ್ತವೆ. 1988-89ರ ಹಾವಳಿಯ ನಂತರ ಕುವೈತಿನಲ್ಲಿ ಹಿಡಿದ ಮಿಡತೆಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಕೀಟನಾಶಕದ ಶೇಷ ಪತ್ತೆಯಾಯಿತು. ಬೇಯಿಸಿದ ಮಾತ್ರಕ್ಕೆ ಈ ವಿಷ ಹೋಗುತ್ತದೆಂದು ನಂಬುವಂತಿಲ್ಲ. ಆದುದರಿಂದ ಎಲ್ಲಿಂದ ಬಂತೆಂದು ತಿಳಿಯದ ಮಿಡತೆಯನ್ನು ಪೇಟೆಯಲ್ಲಿ ಕಂಡರೂ ಕೊಳ್ಳಬೇಡಿ. ಸಿಗಡಿ, ಏಡಿ ಒಗ್ಗದವರಿಗೆ ಕೀಟಗಳೂ ಒಗ್ಗದಿರಬಹುದು. ಮದ್ದು ಹೊಡೆದ ತೋಟದ ಚಗಳಿಗೂ ಇದೇ ಮಾತು. ಎಷ್ಟೋ ಕಡೆ ಇಂಥ ತಿನಿಸನ್ನು ನಿಜವಾಗಿ ಕಳೆಯುತ್ತಿರುವುದು ನಮ್ಮ ನಾಗರಿಕತೆಯಲ್ಲ, ನಾವು ಎರಚಿದ ವಿಷ.

ತಿನ್ನುವುದು, ಬಿಡುವುದು ಅವರವರ ಧರ್ಮ, ಅವರವರ ರುಚಿ. ಸಸ್ಯಾಹಾರಿಗಳು ತಮ್ಮ ನಿಯಮ ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳ ಡಬ್ಬಿಯಲ್ಲಿನ ರಾಗಿಮುದ್ದೆಯನ್ನು ನೋಡಿ ಸಹಪಾಠಿಗಳು ಮೂಗು ಮುರಿದರೆ ನಮಗೆ ನೋವಾಗುತ್ತದೆ. ಹಾಗಿರುವಾಗ ಮಿಡತೆ ತಿನ್ನುವ ಅರಬನನ್ನಾಗಲಿ, ಚಗಳಿ ಅರೆಯುವ ಸಿದ್ದಿ ತಾಯಿಯನ್ನಾಗಲಿ ನೋಡಿ ನಮ್ಮ ಮಕ್ಕಳು ‘ಛೀ’ ಎನ್ನದಂತೆ ಬೆಳೆಸುವುದು ನಮ್ಮದೇ ಹೊಣೆ. ಇಂದು ಮನೆಗೆ ಹೋದ ಮೇಲೆ ನಿಮ್ಮ ಊರಿನ ಹಿರಿಯರು ಏನೇನು ತಿಂದು ಬದುಕಿದರೆಂಬುದನ್ನು ಮಕ್ಕಳಿಗೆ ಹೇಳಿ, ನಾಚಿಕೆಯಿಲ್ಲದೆ ಹೇಳಿ.