ಮುಚ್ಚಿದ ಕಾರಿನಲ್ಲಿ ಮೂಕಜೀವ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ.

ಸಹೋದರರೇ,

ಕಳೆದ ವಾರ ಜುಮಾ ಮುಗಿದ ಮೇಲೆ ಒಬ್ಬ ಯುವಕ ನನ್ನ ಬಳಿ ಬಂದ. ಒಂದು ಮನೆಯಲ್ಲಿ ಕಾರು ಚಾಲಕನಾಗಿ ದುಡಿಯುವವನು. ಆ ಮನೆಯವರಿಗೊಂದು ಪಗ್ ನಾಯಿ ಇದೆ. ಅಂಗಡಿಗೆ ಹೋಗುವಾಗ ಅದನ್ನು ಕಾರಿನಲ್ಲೇ ಬಿಡುತ್ತಾರೆ. ಏಸಿ ಆರಿಸಿ, ಗಾಜು ಎರಡು ಬೆರಳಷ್ಟು ಇಳಿಸಿ, "ಹತ್ತೇ ನಿಮಿಷ" ಎನ್ನುತ್ತಾರೆ. "ಮೊನ್ನೆ ಆ ಹತ್ತು ನಿಮಿಷ ಅರ್ಧ ಗಂಟೆಯಾಯಿತು. ನಾನು ಮರದ ನೆರಳಲ್ಲಿ ನಿಂತಿದ್ದೆ. ಒಳಗೆ ಅದು ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು. ಎತ್ತಿಕೊಂಡರೆ ಜೊಲ್ಲು ಬಟ್ಟೆಗೆ ತಾಗುತ್ತದೆ, ಅಸರ್ ನಮಾಝಿಗೆ ಏನು ಮಾಡಲಿ ಎಂದು ಹಿಂಜರಿದೆ. ನಾನು ಮಾಡಿದ್ದು ಸರಿಯೇ?" ಎಂದು ಕೇಳಿದ.

ನಾಯಿ ಬದುಕಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಪ್ರಶ್ನೆ ಅವನೊಬ್ಬನದ್ದಲ್ಲ. ನಾವು ನಾಯಿ ಸಾಕುವವರಲ್ಲ, ನಮಗೇಕೆ ಈ ಮಾತು ಎನ್ನಬೇಡಿ. ನಮ್ಮಲ್ಲಿ ಚಾಲಕರಿದ್ದಾರೆ, ಕಾವಲುಗಾರರಿದ್ದಾರೆ, ಕಾರು ನಿಲ್ಲುವ ಬೀದಿಯಲ್ಲಿ ಅಂಗಡಿ ಇಟ್ಟವರಿದ್ದಾರೆ.

ಮೊದಲು ಆ ಅರ್ಧ ಗಂಟೆಯಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯೋಣ. ಬಿಸಿಲು ಗಾಜಿನ ಮೂಲಕ ಒಳಹೊಕ್ಕು ಸೀಟು, ಡ್ಯಾಶ್‌ಬೋರ್ಡ್‌ಗಳನ್ನು ಕಾಯಿಸುತ್ತದೆ. ಆ ಶಾಖಕ್ಕೆ ಹೊರಬರುವ ದಾರಿಯಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ವೈದ್ಯರು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ತಾಪವನ್ನು ಅಳೆದು ನೋಡಿದರು. ಒಂದು ಗಂಟೆಯಲ್ಲಿ ಅದು ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಆ ಏರಿಕೆಯ 80 ಶೇಕಡಾ ಮೊದಲ 30 ನಿಮಿಷಗಳಲ್ಲೇ ಆಗಿತ್ತು. ಗಾಜು ತುಸು ಇಳಿಸಿದ್ದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಹೊರಗೆ 22 ಡಿಗ್ರಿಯ ಹಿತವಾದ ಹವೆ ಇದ್ದ ದಿನವೂ ಒಳಗೆ 47 ಡಿಗ್ರಿ ಮುಟ್ಟಿತ್ತು. ಇನ್ನು ನಮ್ಮ ಏಪ್ರಿಲ್, ಮೇ ತಿಂಗಳ ಕಲಬುರಗಿ, ರಾಯಚೂರುಗಳ ಬಿಸಿಲನ್ನು ಯೋಚಿಸಿ.

ನಮಗೆ ಮೈತುಂಬ ಬೆವರುತ್ತದೆ. ನಾಯಿಗೆ ಹಾಗಲ್ಲ, ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಕಾದಿರುವಾಗ ಆ ಉಸಿರೂ ಕೈಕೊಡುತ್ತದೆ. ಪಗ್‌ನಂತಹ ಮೊಂಡುಮೂಗಿನ ತಳಿಗಳಿಗಂತೂ ಅಪಾಯ ಇನ್ನೂ ಹೆಚ್ಚು. ದೇಹದ ತಾಪ 41 ಡಿಗ್ರಿ ದಾಟಿದರೆ ಪ್ರಾಣಕ್ಕೇ ಕುತ್ತು.

ಬುಖಾರಿಯಲ್ಲಿ ವರದಿಯಾದ ಘಟನೆ ನಮಗೆಲ್ಲ ಗೊತ್ತು. ದಾಹದಿಂದ ಬಳಲಿದವನೊಬ್ಬ ಬಾವಿಗಿಳಿದು ನೀರು ಕುಡಿದು ಮೇಲೆ ಬಂದ. ಅಲ್ಲೊಂದು ನಾಯಿ ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿತ್ತು. ತನಗಾದ ದಾಹವೇ ಇದಕ್ಕೂ ಆಗಿದೆಯೆಂದು ಅವನು ಮತ್ತೆ ಬಾವಿಗಿಳಿದ. ತನ್ನ ಚರ್ಮದ ಮೋಜಾದಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೇರಿ ನಾಯಿಗೆ ಕುಡಿಸಿದ. ಅಲ್ಲಾಹನು ಅವನನ್ನು ಕ್ಷಮಿಸಿದನು. ಪ್ರಾಣಿಗಳ ವಿಷಯದಲ್ಲೂ ನಮಗೆ ಪುಣ್ಯವಿದೆಯೇ ಎಂದು ಅನುಚರರು ಕೇಳಿದಾಗ, ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಇದೆ ಎಂದು ಪ್ರವಾದಿ(ಸ) ತಿಳಿಸಿದರು.

ಇನ್ನೊಂದು ಹದೀಸ್ ಬೆಕ್ಕನ್ನು ಕಟ್ಟಿಹಾಕಿದ ಮಹಿಳೆಯದ್ದು. ಆಕೆ ಅದಕ್ಕೆ ಅನ್ನ ಕೊಡಲಿಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಬೆಕ್ಕು ಸತ್ತಿತು, ಆಕೆ ಶಿಕ್ಷೆಗೆ ಗುರಿಯಾದಳು. ಇಲ್ಲಿ ಗಮನಿಸಿ: ಬೀದಿಯ ನಾಯಿಗೆ ಬಿಸಿಲಾದರೆ ಅದು ನೆರಳು ಹುಡುಕಿಕೊಳ್ಳುತ್ತದೆ. ನಾವು ಬಾಗಿಲು ಮುಚ್ಚಿದ ಕ್ಷಣದಿಂದ ಆ ಜೀವಕ್ಕೆ ಬೇರೆ ದಾರಿಯಿಲ್ಲ. ಅದರ ಪೂರ್ತಿ ಹೊಣೆ ಬಾಗಿಲು ಮುಚ್ಚಿದವನ ಮೇಲೆ, ಕೀಲಿ ಹಿಡಿದವನ ಮೇಲೆ.

ಆದ್ದರಿಂದ ಆ ಯುವಕನಿಗೆ ಹೇಳಿದೆ: ಹಿಂಜರಿದದ್ದು ತಪ್ಪು. ಬಟ್ಟೆಗೆ ತಾಗಿದ ಅಶುದ್ಧಿಯನ್ನು ನಿನ್ನ ಮದ್‌ಹಬ್ ಹೇಳುವಂತೆ ತೊಳೆದರೆ ಹೋಗುತ್ತದೆ. ಹೋದ ಪ್ರಾಣ ಬರುವುದಿಲ್ಲ. ಶುದ್ಧಿಯ ನಿಯಮಗಳು ನಮ್ಮ ಮೈ, ಬಟ್ಟೆ, ಪಾತ್ರೆಗಳ ಬಗ್ಗೆ ಇವೆ. ಅವು ನಿರ್ದಯತೆಗೆ ಅನುಮತಿಯಲ್ಲ. ಮಾಲೀಕರಿಗೆ ವಿನಯದಿಂದ ಹೇಳು: ನಾಯಿ ಮನೆಯಲ್ಲೇ ಇರಲಿ, ಇಲ್ಲವೇ ನಾನು ಅದನ್ನು ನೆರಳಲ್ಲಿ ಹಿಡಿದುಕೊಂಡಿರುತ್ತೇನೆ.

ಬೀಗ ಹಾಕಿದ ಕಾರಿನಲ್ಲಿ ನಾಯಿ ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ನಂಬರ್ ಗುರುತಿಸಿ ಅಂಗಡಿಯವರಿಂದ ಕೂಗಿಸಿ, ಕಾವಲುಗಾರನಿಗೆ ತಿಳಿಸಿ. ಮಾಲೀಕ ಸಿಗದಿದ್ದರೆ 112ಕ್ಕೆ ಕರೆ ಮಾಡಿ. ಹೊರತೆಗೆದ ನಾಯಿ ತೂರಾಡುತ್ತಿದ್ದರೆ, ವಾಂತಿ ಮಾಡಿದರೆ, ಕುಸಿದರೆ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪವೇ ನೀರು ಕುಡಿಸಿ. ಬಲವಂತ ಮಾಡಬೇಡಿ. ತಂಪು ಮಾಡುತ್ತಲೇ ಪಶುವೈದ್ಯರ ಬಳಿ ಒಯ್ಯಿರಿ. ಮಗುವನ್ನಂತೂ ಒಂದು ನಿಮಿಷಕ್ಕೂ ಕಾರಿನಲ್ಲಿ ಒಂಟಿಯಾಗಿ ಬಿಡಬೇಡಿ.

ಸಹೋದರರೇ, ಖುತ್ಬಾ, ನಮಾಝ್ ಸೇರಿ ನಾವು ಇಲ್ಲಿರುವುದು ಸುಮಾರು ಅರ್ಧ ಗಂಟೆ. ಹೊರಗೆ ಹೋದಾಗ ನಿಮ್ಮ ಕಾರಿನ ಸ್ಟೇರಿಂಗ್ ಮುಟ್ಟಿ ನೋಡಿ, ಈ ಮಾತು ನೆನಪಾಗಲಿ. ಹೊರಡುವ ಮೊದಲು ಕಾರಿನಡಿ ಬಗ್ಗಿ ನೋಡಿ. ನೆರಳಿಗೆಂದು ಅಲ್ಲೊಂದು ಜೀವ ಮಲಗಿರಬಹುದು.

ಅಲ್ಲಾಹನು ನಮ್ಮ ಹೃದಯಗಳಲ್ಲಿ ಕರುಣೆ ತುಂಬಲಿ, ನಾವು ಮಾಡಿದ ಅಲಕ್ಷ್ಯವನ್ನು ಮನ್ನಿಸಲಿ. ಆಮೀನ್.