ಸಿಕ್ಕಿದ್ದೇನು, ಸಿಕ್ಕಿದ್ದೆಲ್ಲಿ



ನಿಧಿ ಎಂದ ಕೂಡಲೇ ನಮ್ಮ ಕಡೆ ಇವತ್ತಿಗೂ ನೆನಪಾಗುವುದು ಹೊನ್ನಿನ ಕೊಪ್ಪರಿಗೆ, ಅದನ್ನು ಕಾಯುವ ಸರ್ಪ, ಅಂಜನ ಹಾಕಿ ಜಾಗ ತೋರಿಸುವ ಮಂತ್ರವಾದಿ. ಈ ನಂಬಿಕೆ ಮಾಡಿದ ಹಾಳನ್ನು ನೋಡಲು ದೂರ ಹೋಗಬೇಕಿಲ್ಲ. ಊರಾಚೆಯ ಎಷ್ಟೋ ಪಾಳುಗುಡಿಗಳಲ್ಲಿ ನಂದಿಯ ಬೆನ್ನು ಒಡೆದಿದೆ, ಲಿಂಗ ಬುಡಮೇಲಾಗಿದೆ, ಗರ್ಭಗುಡಿಯ ನಡುವೆ ಆಳುದ್ದದ ಗುಂಡಿ ಬಾಯ್ದೆರೆದಿದೆ. ಅಲ್ಲಿ ಹೊನ್ನು ಸಿಕ್ಕಿತೋ ಇಲ್ಲವೋ, ಅಗೆದವರೇ ಹೇಳಬೇಕು. ಅವರು ಆಚೆಗೆಸೆದ ಮಣ್ಣಿನ ಬಗ್ಗೆ ನಾನು ಇಂದು ಮಾತಾಡಬೇಕೆಂದಿದ್ದೇನೆ.

ಚಿನ್ನ ಹುಡುಕಲು ಹೋದವನಿಂದಲೇ ಶುರುಮಾಡೋಣ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಆಗಿನ ನಿಜಾಮರ ಸೀಮೆಯ ರಾಯಚೂರು ಪ್ರಾಂತದಲ್ಲಿ ಚಿನ್ನದ ಅದಿರಿಗಾಗಿ ತಿರುಗುತ್ತಿದ್ದ. ಹಟ್ಟಿಯ ಆಸುಪಾಸಿನ ಆ ನೆಲದಲ್ಲಿ ಪುರಾತನರೇ ಚಿನ್ನ ತೋಡಿದ ಕುಳಿಗಳಿವೆ. ಮಸ್ಕಿಯ ಬೆಟ್ಟದ ಬಂಡೆಯೊಂದರಲ್ಲಿ ಆತನ ಕಣ್ಣಿಗೆ ಬಿದ್ದದ್ದು ಅಕ್ಷರ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದಕ್ಕೆ ಸುಮಾರು ಎಂಬತ್ತು ವರ್ಷ ಮೊದಲೇ, 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದ. ಆದರೆ ಆವರೆಗೆ ಓದಿದ ಬಂಡೆಗಳಲ್ಲೂ ಕಂಬಗಳಲ್ಲೂ ಇದ್ದದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದುಗಳು. ಆ ಬಿರುದಿನವನೇ ಅಶೋಕ ಎಂದು ಹೇಳಲು ಸಿಂಹಳದ ಬೌದ್ಧ ಗ್ರಂಥಗಳ ಆಸರೆ ಬೇಕಾಗಿತ್ತು. ಮಸ್ಕಿಯ ಕಲ್ಲು ದೊರೆಯ ಹೆಸರನ್ನು ಕೂಗಿ ಹೇಳಿತು: ‘ದೇವಾನಂಪಿಯಸ ಅಸೋಕಸ’. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳಂಗಳಲ್ಲೂ ಅದೇ ಹೆಸರು ಸಿಕ್ಕಿತು.

ಬಂಡೆಯನ್ನು ಹೊತ್ತೊಯ್ಯಲಾಗದು, ಅದು ಮಸ್ಕಿಯ ಪುಣ್ಯ. ಭೀಮಾ ತೀರದ ಸನ್ನತಿಯಲ್ಲಿದ್ದದ್ದು ಚಪ್ಪಡಿ, ಅದಕ್ಕೆ ಈ ರಕ್ಷೆ ಇರಲಿಲ್ಲ. ಯಾವುದೋ ಕಾಲದಲ್ಲಿ ಯಾರೋ ಅದನ್ನು ಕಾಳಿಯ ವಿಗ್ರಹಕ್ಕೆ ಪೀಠವಾಗಿಸಿ, ನಡುವೆ ತೂತು ಕೊರೆದಿದ್ದರು. 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಆ ಕಾಳಿ ಗುಡಿಯ ಚಾವಣಿ ಕುಸಿದಾಗ ಪೀಠ ಬಯಲಾಯಿತು. ನೋಡಿದರೆ ಎರಡೂ ಮೈಯಲ್ಲಿ ಅಶೋಕನ ಶಾಸನ! ತೂತು ಬಿದ್ದಲ್ಲಿ ಅಕ್ಷರ ಹೋಗಿವೆ. ಹಾಗೆಂದು ಪೀಠ ಮಾಡಿದವರನ್ನು ನಾನು ಬೈಯಲಾರೆ. ಓದಲು ಬಾರದ ಕಲ್ಲನ್ನು ಅವರು ದೇವರ ಕಾಲಡಿ ಇಟ್ಟರು, ಅದರಿಂದಲೇ ಅದು ಉಳಿಯಿತು.

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಗೆಯಿತು. ಒಂದು ಮಹಾಸ್ತೂಪದ ಅಡಿಪಾಯ, ಅದರ ಸುತ್ತ ಒಡೆದು ಬಿದ್ದ ಸುಣ್ಣಕಲ್ಲಿನ ಫಲಕಗಳು. ಒಂದರಲ್ಲಿ ಪರಿವಾರದ ಹೆಂಗಸರ ನಡುವೆ ನಿಂತ ಅರಸ, ಕೆಳಗೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’. ಬೇರೆ ಫಲಕಗಳಲ್ಲಿ ಶಾತವಾಹನ ಅರಸರು, ಅವರೂ ಹೆಸರಿನ ಸಮೇತ. ಈ ಅಶೋಕ ಫಲಕವೊಂದೇ ಯಾವುದೋ ಪೇಟೆಯ ಅಂಗಡಿಯಲ್ಲಿ ಪ್ರತ್ಯಕ್ಷವಾಗಿದ್ದರೆ ನಕಲಿಯೆಂದು ಅನುಮಾನಿಸುವವರು ಎಷ್ಟು ಜನ ಇರುತ್ತಿದ್ದರೋ. ಸ್ತೂಪದ ಬುಡದಲ್ಲಿ, ಒಡನಾಡಿ ಫಲಕಗಳ ನಡುವೆ ಸಿಕ್ಕಿದ್ದರಿಂದ ಇನ್ನೊಂದು ಸಂಗತಿಯೂ ತಿಳಿಯಿತು: ಅಶೋಕನ ಕಾಲ ಕಳೆದು ಶತಮಾನಗಳ ಮೇಲೂ ಭೀಮಾ ತೀರದ ಭಕ್ತರು ಅವನನ್ನು ಮರೆತಿರಲಿಲ್ಲ.

ಇದಕ್ಕೆ ಎದುರಾಗಿ ಬೆಂಗಳೂರಿನ ಯಶವಂತಪುರದ್ದನ್ನು ನೋಡಿ. 1891ರಲ್ಲಿ ಅಲ್ಲೊಂದು ಮಡಕೆಯಲ್ಲಿ ರೋಮ್ ಚಕ್ರವರ್ತಿಗಳ 163 ಬೆಳ್ಳಿ ನಾಣ್ಯ ಸಿಕ್ಕವು. ಕೇಳಿದವರ ಕಿವಿ ನೆಟ್ಟಗಾಗುವ ಸುದ್ದಿ. ಆದರೆ ಬರಿಯ ಗಡಿಗೆಯ ನಾಣ್ಯ, ಅದನ್ನು ಹೂತವನ ಮನೆ ಎಲ್ಲಿತ್ತು, ಅವನು ಯಾವ ತಟ್ಟೆಯಲ್ಲಿ ಉಣ್ಣುತ್ತಿದ್ದ ಎಂದು ಹೇಳುವುದಿಲ್ಲ. ಬ್ರಿಟಿಷರು 1878ರಲ್ಲಿ ತಂದ ನಿಧಿ ಕಾಯ್ದೆ ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತು ನೆಲದಲ್ಲಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಿ ಎಂದಿತ್ತು. ಮಡಕೆಯ ಚೂರಿಗೆ ಹತ್ತು ರೂಪಾಯಿ ಯಾರು ಕೊಡುತ್ತಾರೆ?

ಆದರೆ ದಕ್ಷಿಣ ಭಾರತದ ಪ್ರಾಚೀನತೆಗೆ ಕಾಲದ ಲೆಕ್ಕ ಸಿಕ್ಕಿದ್ದು ಅಂಥ ಚೂರಿನಿಂದಲೇ. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಅಗೆದಾಗ ಇಟಲಿಯ ಕೆಂಪು ಮಡಕೆಯ ಚೂರುಗಳು ಬಂದವು. ಅವುಗಳ ಕಾಲ ಯುರೋಪಿನಲ್ಲಿ ಗೊತ್ತಿತ್ತು. ಅವುಗಳೊಡನೆ, ತಳದಲ್ಲಿ ಚುಕ್ಕಿಗಳ ಸುತ್ತು ಕೊರೆದ ಸ್ಥಳೀಯ ತಟ್ಟೆಗಳಿದ್ದವು. ಅಂದಮೇಲೆ ಆ ತಟ್ಟೆಗಳೂ ಕ್ರಿ.ಶ. ಮೊದಲ ಶತಮಾನದ ಆಸುಪಾಸಿನವು. 1947ರಲ್ಲಿ ವೀಲರ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಬಂದರು. ಅಲ್ಲಿನ ಅಶೋಕ ಶಾಸನವನ್ನು 1892ರಲ್ಲೇ ಬಿ.ಎಲ್. ರೈಸ್ ಬೆಳಕಿಗೆ ತಂದಿದ್ದರು. ಊರವರು ಆ ಬಂಡೆಯನ್ನು ಅಕ್ಷರಗುಂಡು ಎನ್ನುತ್ತಿದ್ದರು. ಬರೆದ ಚಪಡನೆಂಬ ಲಿಪಿಕಾರ ತನ್ನ ಕೆಲಸದ ಹೆಸರನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಗೀಚಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮುರು!

ಬ್ರಹ್ಮಗಿರಿಯ ಗುಂಡಿಯಲ್ಲಿ ಮೇಲಿನ ಪದರಕ್ಕೆ ಬಂದದ್ದು ಅದೇ ಚುಕ್ಕಿ ಸುತ್ತಿನ ತಟ್ಟೆ. ಅದರ ಕೆಳಗೆ ಕಬ್ಬಿಣ ಬಳಸಿ ಸತ್ತವರಿಗೆ ಕಲ್ಲಿನ ಗೋರಿ ಕಟ್ಟಿದವರು, ನಮ್ಮ ಹಳ್ಳಿಗಳ ಮಾತಿನಲ್ಲಿ ಮೋರ್ಯರ ಮನೆಗಳವರು. ಅವರ ಕೆಳಗೆ ನುಣುಪು ಕಲ್ಗೊಡಲಿಯವರು. ವೀಲರ್ ಮೇಲಿಂದ ಎಣಿಸುತ್ತಾ ಇಳಿದು, ಗೋರಿಯವರು ಬಂದದ್ದು ಕ್ರಿ.ಪೂ. 200ರ ಸುಮಾರಿಗೆ ಎಂದರು. ಈ ಲೆಕ್ಕ ಒಪ್ಪಿದರೆ, ಅದಕ್ಕೂ ಹಿಂದೆ ಅಶೋಕನ ಆಜ್ಞೆ ಆ ಶಾಸನವೇ ಹೆಸರಿಸುವ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ತಲುಪಿದಾಗ ಬ್ರಹ್ಮಗಿರಿಯವರ ಕೈಯಲ್ಲಿ ಇನ್ನೂ ಕಲ್ಲಿನ ಕೊಡಲಿ.

ಲೆಕ್ಕ ತಪ್ಪಿತ್ತು. 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರಾ ದಡದ ಹಳ್ಳೂರಿನಲ್ಲಿ ಅಗೆದರು. ಅಲ್ಲಿನ ಇದ್ದಿಲನ್ನು ಕಾರ್ಬನ್ ಪರೀಕ್ಷೆಗೆ ಕೊಟ್ಟಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಸುಮಾರಿಗೆ ಹಿಂದೆ ಸರಿಯಿತು. ಕಲ್ಗೊಡಲಿಯವರು ಇನ್ನೂ ಸಾವಿರ ವರ್ಷಕ್ಕೂ ಮಿಗಿಲಾಗಿ ಹಳಬರೆಂದು ಗೊತ್ತಾಯಿತು. ವೀಲರ್ ಹೇಳಿದ ಇಸವಿಗಳನ್ನು ಇಂದು ಯಾರೂ ಒಪ್ಪುವುದಿಲ್ಲ. ಯಾವ ಪದರದ ಮೇಲೆ ಯಾವುದಿತ್ತು ಎಂದು ಅವರು ಬರೆದಿಟ್ಟ ನಕ್ಷೆಯನ್ನು ಮಾತ್ರ ಇವತ್ತಿಗೂ ತೆರೆದು ನೋಡುತ್ತಾರೆ. ಬ್ರಹ್ಮಗಿರಿಯಲ್ಲಿ ಯಾವನಾದರೂ ಮಂತ್ರವಾದಿ ವೀಲರ್‌ಗಿಂತ ಮೊದಲೇ ಗುದ್ದಲಿ ಹಾಕಿಸಿದ್ದರೆ, ಆ ತಪ್ಪನ್ನು ತಿದ್ದಲು ಹಳ್ಳೂರಿನ ಇದ್ದಿಲನ್ನು ಹೋಲಿಸಿ ನೋಡುವುದಕ್ಕೆ ಪದರವೇ ಇರುತ್ತಿರಲಿಲ್ಲ.