ಮೂಲೆಯ ಮೇಜಿನ ಮೇಲಿನ ಚಿತ್ರದ ವಹಿ

(ಕಾತ್ರಜದ ನಮ್ಮ ಉಚಿತ ವಾಚನಾಲಯದಲ್ಲಿ, ಭಾನುವಾರದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಮಾತನಾಡುವುದು ನಮ್ಮ ಕಸುಬಲ್ಲ. ಹಗಲೆಲ್ಲ ಗಿರಣಿಯ ಕಚೇರಿಯಲ್ಲಿ ಜಮಾಖರ್ಚು ಬರೆದು, ಸಂಜೆ ಬಂದು ಈ ಕೋಣೆಯ ಬೀಗ ತೆರೆಯುವುದು, ಪತ್ರಿಕೆಗಳನ್ನು ಜೋಡಿಸುವುದು, ಎಂಟೂವರೆಗೆ ದೀಪ ಆರಿಸುವುದು, ಇಷ್ಟೇ ನಮ್ಮ ಸೇವೆ. ಆದರೆ ಆ ಮೂಲೆಯ ಮೇಜಿನ ಮೇಲೆ ದಾರ ಕಟ್ಟಿ ಇಟ್ಟಿರುವ ಚಿತ್ರದ ವಹಿಯ ವಿಷಯವಾಗಿ ಕಳೆದ ಒಂದು ತಿಂಗಳಿಂದ ಸದಸ್ಯರಲ್ಲಿ ಎರಡು ಪಕ್ಷಗಳಾಗಿವೆ. ಅಚ್ಚಾದ ಪುಸ್ತಕವಲ್ಲದ್ದನ್ನು ವಾಚನಾಲಯದಲ್ಲಿ ಇಡಬಹುದೇ ಎಂದು ಒಂದು ಪಕ್ಷ ಕೇಳುತ್ತದೆ. ಇಟ್ಟವರು ನಾವೇ ಆದುದರಿಂದ ಜವಾಬು ಕೊಡುವುದೂ ನಮ್ಮ ಪಾಲಿಗೇ ಬಂದಿದೆ.

ವಹಿಯ ಒಡೆಯ ನಮ್ಮಲ್ಲಿಗೆ ದಿನವೂ ಬರುವ ಒಬ್ಬ ಹುಡುಗ. ಹೆಸರು ಹೇಳಬಾರದೆಂದು ಅವನೇ ಬೇಡಿಕೊಂಡಿದ್ದಾನೆ. ತಂದೆ ವಿಜಯಪುರದ ಕಡೆಯಿಂದ ಬಂದು ಇಲ್ಲಿ ಲಾರಿ ರಿಪೇರಿ ಮಾಡುವವರು. ಹುಡುಗ ಡಿಪ್ಲೊಮಾ ಓದುತ್ತಾನೆ, ಚಿತ್ರ ಬರೆಯುವುದನ್ನು ಯಾರಿಂದಲೂ ಕಲಿತಿಲ್ಲ. ವಹಿಯನ್ನು ಮುಂದಿನಿಂದ ತೆರೆದರೆ ಮನುಷ್ಯರ ಆಕೃತಿಗಳು: ನಿಂತವರು, ಕೂತವರು, ಹೊರೆ ಎತ್ತುವವರು. ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಯಂತ್ರಗಳು. ಅದೂ ಎಲ್ಲಿಯೂ ಇಲ್ಲದ ಯಂತ್ರಗಳು, ಉಗಿಯಿಂದ ನಡೆಯುವ ಒಂದು ಕಲ್ಪನೆಯ ಊರು. ಎರಡೂ ನಡುವಿನಲ್ಲಿ ಎಲ್ಲಿ ಕೂಡುತ್ತವೆಂದು ಕೇಳಿದರೆ, "ಇನ್ನೂ ಹಾಳೆ ಉಳಿದಾವ್ರಿ" ಎನ್ನುತ್ತಾನೆ.

ಮೊದಲು ಮನುಷ್ಯರ ಚಿತ್ರಗಳ ಮಾತು. ಹುಡುಗ ಬೆಳಿಗ್ಗೆ ಕಾತ್ರಜ ಚೌಕಕ್ಕೆ ಹೋಗುತ್ತಾನೆ. ಕೂಲಿಗಾಗಿ ಕಾದು ನಿಂತ ಜನ, ಸಾತಾರಾ ಕಡೆಯ ಬಸ್ಸಿಗೆ ಗಂಟು ಮೂಟೆ ಹೊತ್ತು ಓಡುವವರು, ಚಹಾದ ಅಂಗಡಿಯ ಹುಡುಗರು, ಇವರೇ ಅವನ ಮಾದರಿಗಳು. ಒಂದೊಂದು ಚಿತ್ರಕ್ಕೆ ಒಂದೆರಡು ನಿಮಿಷ. ಮೂಗು ಕಣ್ಣು ಇಲ್ಲ, ಮೈಯ ವಾಲು ಮಾತ್ರ. ಇದೇನು, ಮುಖವೇ ಇಲ್ಲವಲ್ಲ ಎಂದು ನಾವು ಮೊದಲು ನಕ್ಕೆವು. ಆಮೇಲೆ ಅವನು ಒಂದು ಗುಟ್ಟು ಹೇಳಿಕೊಟ್ಟ. ನಿಂತ ಮನುಷ್ಯನ ಕುತ್ತಿಗೆಯ ಕೆಳಗಿನ ಕುಳಿಯಿಂದ ಒಂದು ತೂಕದ ದಾರ ಇಳಿಬಿಟ್ಟರೆ, ಭಾರ ಯಾವ ಕಾಲಿನ ಮೇಲಿದೆಯೋ ಆ ಪಾದದ ಹತ್ತಿರ ಅದು ಬೀಳಬೇಕು. ಬೀಳದಿದ್ದರೆ ಚಿತ್ರದಲ್ಲಿಯ ಮನುಷ್ಯ ಉರುಳುತ್ತಿದ್ದಾನೆ ಅನ್ನಿಸುತ್ತದೆ. ಮರುದಿನ ಗಿರಣಿಯ ಅಂಗಳದಲ್ಲಿ ಮೂಟೆ ಹೊರುವ ಹಮಾಲರನ್ನು ನಾವು ಹಾಗೆ ನೋಡುತ್ತ ನಿಂತೆವು. ಹದಿನಾಲ್ಕು ವರ್ಷಗಳಿಂದ ಕಂಡ ಜನ, ಅವರು ಬೆನ್ನನ್ನು ಯಾಕೆ ಹಾಗೆ ಓರೆ ಮಾಡುತ್ತಾರೆಂಬುದು ಅಂದೇ ತಿಳಿದದ್ದು. ಮೂಟೆ ಒಂದು ಕಡೆ ಎಳೆದರೆ ಮೈ ಇನ್ನೊಂದು ಕಡೆಗೆ ಹೋಗಿ ಸರಿದೂಗಿಸುತ್ತದೆ.

ಅಳತೆಯ ಲೆಕ್ಕವೂ ಉಂಟು. ನಮ್ಮ ಶಿಲ್ಪಿಗಳು ಮುಖವನ್ನು 12 ಅಂಗುಲವೆಂದು ಹಿಡಿದು ಅದನ್ನೇ ಒಂದು ತಾಳವೆನ್ನುತ್ತಿದ್ದರು. ನವತಾಳದ ಮೂರ್ತಿಯೆಂದರೆ ಒಂಬತ್ತು ಮುಖದಷ್ಟು ಎತ್ತರ, 108 ಅಂಗುಲ. ಪಶ್ಚಿಮದ ಚಿತ್ರಶಾಲೆಗಳಲ್ಲಿ ಇಡೀ ತಲೆಯನ್ನೇ ಅಳತೆಗೋಲು ಮಾಡಿ, ಸಾಧಾರಣ ಮನುಷ್ಯ ಏಳೂವರೆ ತಲೆಯ ಎತ್ತರ ಎನ್ನುತ್ತಾರೆ. ಹುಡುಗನ ಮೊದಲ ಹಾಳೆಗಳಲ್ಲಿ ಎಲ್ಲರೂ ಐದು ತಲೆಯವರು. ಹತ್ತನೆಯ ಹಾಳೆಯ ಹೊತ್ತಿಗೆ ಬೆಳೆದು ನಿಂತಿದ್ದಾರೆ.

ಇಂಥ ಗೀಚುವಿಕೆಯಿಂದ ಏನು ಪ್ರಯೋಜನ ಎಂದು ಕೇಳಿದ ಹಿರಿಯರಿಗೆ ನಾವು ಇಬ್ಬರ ಹೆಸರು ಹೇಳುತ್ತೇವೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ದೊಡ್ಡ ವರ್ಣಚಿತ್ರಕಾರರಾದವರು. ಆದರೂ ಗೆರೆಯ ಲಯ ಕೈಗೆ ಬರಬೇಕೆಂದು ಅವರು ಕಥಕ್ ನೃತ್ಯವನ್ನೇ ಕಲಿತರು. ನಾಲ್ಕಾರು ಗೆರೆಗಳಲ್ಲಿ ಕುಣಿಯುವವಳನ್ನು ನಿಲ್ಲಿಸಿದ ಅವರ ರೇಖಾಚಿತ್ರಗಳು ಪುಸ್ತಕವಾಗಿ ಬಂದಿವೆ. ಎರಡನೆಯವರು ಮೈಸೂರಿನಲ್ಲಿ 1921ರಲ್ಲಿ ಹುಟ್ಟಿ, ನಮ್ಮ ಈ ಪುಣೆಯಲ್ಲಿಯೇ 2015ರ ಜನವರಿ 26ರಂದು ತೀರಿಕೊಂಡ ಆರ್. ಕೆ. ಲಕ್ಷ್ಮಣರು. ಅದೇ ಜೆ. ಜೆ. ಶಾಲೆ ಅವರ ಅರ್ಜಿಯನ್ನು ತಿರಸ್ಕರಿಸಿತ್ತು. ಹುಡುಗನಾಗಿದ್ದಾಗ ಅವರು ಮನೆಯ ಕಿಟಕಿಯಲ್ಲಿ ಕೂತು ಕಂಡದ್ದನ್ನೆಲ್ಲ ಬರೆದರು: ಒಣ ಟೊಂಗೆ, ಹಲ್ಲಿ, ಕಾಗೆ, ಸೌದೆ ಒಡೆಯುವ ಆಳು. ಡಾಕ್ಟರ್ ಎಂ. ಶಿವರಾಂ ಅವರು 1942ರಲ್ಲಿ ಹೊರಡಿಸಿದ 'ಕೊರವಂಜಿ'ಗೆ ಬರೆದ ಕೈಯೂ ಅದೇ. ನಮ್ಮ ಹುಡುಗ ಅವರ ಸಾಲಿಗೆ ಸೇರುತ್ತಾನೆಂದು ನಾವು ಹೇಳುತ್ತಿಲ್ಲ. ಕಿಟಕಿಯಲ್ಲಿ ಕೂಡುವುದೂ ಒಂದು ವಿದ್ಯಾಭ್ಯಾಸವೇ ಎಂದಷ್ಟೇ ನಮ್ಮ ಮಾತು.

ಇನ್ನು ವಹಿಯ ಹಿಂದಿನ ಅರ್ಧ. ಇಂಥ ಕಲ್ಪನೆಗೆ 'ಸ್ಟೀಮ್‌ಪಂಕ್' ಎಂಬ ಹೆಸರಿದೆಯಂತೆ. ಕೆ. ಡಬ್ಲ್ಯೂ. ಜೀಟರ್ ಎಂಬ ಅಮೆರಿಕದ ಕತೆಗಾರರು 1987ರಲ್ಲಿ ಅರ್ಧ ತಮಾಷೆಗೆಂದು ಕಟ್ಟಿದ ಪದ ಅದು. ಪೆಟ್ರೋಲು, ವಿದ್ಯುಚ್ಛಕ್ತಿ ಇವು ಬಾರದೆ ಉಗಿಯ ಯಂತ್ರವೇ ಬೆಳೆಯುತ್ತ ಹೋಗಿದ್ದರೆ ಲೋಕ ಹೇಗಿರುತ್ತಿತ್ತು? ಹಿತ್ತಾಳೆಯ ಹಲ್ಲುಗಾಲಿ, ಚರ್ಮದ ಪಟ್ಟಿ, ಆಕಾಶದಲ್ಲಿ ತೇಲುವ ಹಡಗು. ಹೆಸರು ಹೊಸದಾದರೂ ಮಾತು ಹಳೆಯದು. ಫ್ರಾನ್ಸಿನ ಜೂಲ್ಸ್ ವರ್ನ್ 1880ರಲ್ಲಿ ಪ್ರಕಟಿಸಿದ 'ಉಗಿಯ ಮನೆ' ಎಂಬ ಕಾದಂಬರಿಯಲ್ಲಿ ಉಕ್ಕಿನ ಆನೆಯೊಂದು ಸೊಂಡಿಲಿನಿಂದ ಹೊಗೆ ಬಿಡುತ್ತ, ಎರಡು ಮನೆಗಳನ್ನು ಎಳೆದುಕೊಂಡು ಕಲಕತ್ತೆಯಿಂದ ಹೊರಟು ಉತ್ತರ ಹಿಂದೂಸ್ಥಾನವನ್ನೆಲ್ಲ ತಿರುಗುತ್ತದೆ. ಅದರಲ್ಲಿ ಎದುರಾಳಿಯಾಗಿ ಬರುವವರು 1857ರ ನಾನಾಸಾಹೇಬರು, ಎಂದರೆ ಕೊನೆಯ ಪೇಶವೆ ಎರಡನೆಯ ಬಾಜೀರಾಯರ ದತ್ತುಪುತ್ರರು. ಕತೆಗಾರ ಅವರನ್ನು ಬರೀ ಕ್ರೂರಿಯನ್ನಾಗಿ ಮಾಡಿದ್ದು ನಮಗೆ ಹಿಡಿಸಲಿಲ್ಲ. ಆನೆ ಮಾತ್ರ ಹಿಡಿಸಿತು.

ದೂರದ ಫ್ರಾನ್ಸಿಗೇ ಹೋಗಬೇಕಿಲ್ಲ. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಹುಲಿ ಕೇಳಿದ್ದೀರಿ. ಬಿಳಿಯ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ, ಹುಲಿ ಗುರುಗುಟ್ಟುತ್ತದೆ, ಕೆಳಗಿನವನು ನರಳಿ ಕೈ ಎತ್ತುತ್ತಾನೆ. ಹೊಟ್ಟೆಯಲ್ಲಿ ವಾದ್ಯದ ಮನೆಗಳೂ ಇವೆ. 1799ರಲ್ಲಿ ಪಟ್ಟಣ ಬಿದ್ದಾಗ ಅದನ್ನು ಹೊತ್ತೊಯ್ದರು. ಈಗ ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹುಡುಗನ ವಹಿಯಲ್ಲಿ ಅದೇ ಹುಲಿ ಉಗಿ ಕುಡಿದು ಎದ್ದು ನಡೆದಿದೆ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅವನ ಕಾತ್ರಜ. ನಮ್ಮ ಕೆರೆಯ ನೀರನ್ನು ನಾನಾಸಾಹೇಬ ಪೇಶವೆಯವರು (ಇವರು ಬೇರೆ, 1761ರಲ್ಲಿ ಪರ್ವತಿಯಲ್ಲಿ ತೀರಿಕೊಂಡವರು) ನೆಲದೊಳಗಿನ ಕಲ್ಲಿನ ಕಾಲುವೆಯಲ್ಲಿ ಶನಿವಾರವಾಡೆಗೂ ಪೇಟೆಗಳ ಹೌದುಗಳಿಗೂ ಒಯ್ದರೆಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ಪಂಪಿಲ್ಲ, ಯಂತ್ರವಿಲ್ಲ, ಇಳಿಜಾರೇ ಸಾಕು. ದಾರಿಯುದ್ದಕ್ಕೂ ಅಲ್ಲಲ್ಲಿ ಗಾಳಿಯಾಡಲು, ಇಳಿದು ಹೂಳು ತೆಗೆಯಲು ಬಾಯಿಗಳಿವೆ. ಮರಾಠಿಯಲ್ಲಿ ಅವಕ್ಕೆ 'ಉಚ್ಛ್ವಾಸ' ಎನ್ನುತ್ತಾರೆ. ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಹಕ್ಕು ಪಡೆದದ್ದು 1769ರಲ್ಲಿ, ನಾನಾಸಾಹೇಬರು ಹೋಗಿ ಎಂಟು ವರ್ಷಕ್ಕೆ. ಹುಡುಗ ಆ ಎಂಟು ವರ್ಷವನ್ನು ಅಳಿಸಿಬಿಟ್ಟಿದ್ದಾನೆ. ಅವನ ಪುಣೆಯಲ್ಲಿ ಕಾತ್ರಜದ ನೀರು ನೆಲದಡಿಯ ಬಾಯ್ಲರುಗಳಿಗೆ ಹೋಗುತ್ತದೆ, ಉಚ್ಛ್ವಾಸಗಳೆಲ್ಲ ಬುಸ್ಸೆಂದು ಉಗಿ ಬಿಡುತ್ತವೆ, ಘಾಟಿನ ಮೇಲೆ ಹಲ್ಲುಗಾಲಿಯ ಪಲ್ಲಕ್ಕಿಗಳು ಏರುತ್ತವೆ.

ಈ ಹಾಳೆಗಳನ್ನು ನಾವು ಒಂದು ಭಾನುವಾರ ನಮ್ಮ ಗಿರಣಿಯ ಬಾಯ್ಲರ್ ನೋಡಿಕೊಳ್ಳುವ ಯಜಮಾನರಿಗೆ ತೋರಿಸಿದೆವು. ಸರ್ಟಿಫಿಕೇಟು ಪಡೆದ ಮನುಷ್ಯ, ಮಾತು ಕಡಿಮೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದು ಸಿಡೀತದ" ಎಂದರು. ಸೇಫ್ಟಿ ವಾಲ್ವ್ ಎಲ್ಲಿ? ಒಳಗೆ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ನಳಿಗೆ ಎಲ್ಲಿ? ಒತ್ತಡವಿರುವ ಬಾಯ್ಲರಿನೊಳಕ್ಕೆ ನೀರು ತಾನಾಗಿ ಇಳಿಯುವುದಿಲ್ಲ, ಅದಕ್ಕಿಂತ ಹೆಚ್ಚಿನ ಒತ್ತಡದಿಂದ ತಳ್ಳುವ ಪಂಪು ಬೇಕು, ಅದೆಲ್ಲಿ? ನೀರು ಉಗಿಯಾದರೆ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಅದರ ಜೊತೆ ಹುಡುಗಾಟ ನಡೆಯುವುದಿಲ್ಲ. ಕೊನೆಗೆ ಅವರು ಕೇಳಿದ ಪ್ರಶ್ನೆ ಯಂತ್ರದ್ದಲ್ಲ. "ಇಷ್ಟು ಬಾಯ್ಲರಿಗೆ ಕಲ್ಲಿದ್ದಲು ಹಾಕಾವ್ರು ಯಾರು? ಬೂದಿ ತಗ್ಯಾವ್ರು ಯಾರು? ಈ ಚಿತ್ರದಾಗ ಎಲ್ಲಾರೂ ಟೊಪ್ಪಿಗಿ ಹಾಕ್ಕೊಂಡು ದುರ್ಬೀನ್ ಹಿಡದು ನಿಂತಾರಲ್ಲ!"

ಸರಿಯಾದ ಮಾತು. ಹುಡುಗ ಎಲ್ಲೆಲ್ಲಿಯೋ ಕಂಡ ಚಿತ್ರಗಳಿಂದ ಲಂಡನ್ನಿನ ಸಾಹೇಬರನ್ನೇ ತಂದು ಕಾತ್ರಜದಲ್ಲಿ ನಿಲ್ಲಿಸಿದ್ದ. ನಿಜವಾದ ಉಗಿಯ ಕಾಲದಲ್ಲಿ ಬೋರಘಾಟಿನ ರೈಲುದಾರಿ 1863ರಲ್ಲಿ ತೆರೆಯುವ ಮುಂಚೆ ಸಾವಿರಾರು ಕೂಲಿಗಳು ಕಾಲರಾ, ಜ್ವರಗಳಲ್ಲಿ ಸತ್ತರು. ಅವರ ಚಿತ್ರ ಯಾರು ಬರೆದರು? ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನದಿಂದ ಚೌಕದ ಹೆಂಗಸರು, ಹಮಾಲರು ವಹಿಯ ಹಿಂದಿನ ಅರ್ಧಕ್ಕೆ ದಾಟತೊಡಗಿದ್ದಾರೆ. 41ನೆಯ ಹಾಳೆಯನ್ನು ತಪ್ಪದೆ ನೋಡಿರಿ. ಇಳಕಲ್ ಸೀರೆಯ ಕಚ್ಚೆ ಹಾಕಿದ ಹೆಂಗಸೊಬ್ಬಳು ಸಲಿಕೆ ಹಿಡಿದು ಒಲೆಯ ಮುಂದೆ ನಿಂತಿದ್ದಾಳೆ. ಭಾರ ಎಡಗಾಲಿನ ಮೇಲಿದೆ, ದಾರ ಬಿಟ್ಟು ನೋಡಬಹುದು. ಮೇಲುಗಡೆ ಸೇಫ್ಟಿ ವಾಲ್ವೂ ಬಂದಿದೆ.

ಈಗ ಕಷ್ಟದ ಮಾತಿಗೆ ಬರುತ್ತೇವೆ. ಹುಡುಗ ಚೌಕದಲ್ಲಿ ಮಾತ್ರ ಬರೆಯಲಿಲ್ಲ, ಈ ಕೋಣೆಯಲ್ಲಿಯೂ ಬರೆದ. ನಿಮ್ಮಲ್ಲಿ ಹಲವರು ವಹಿಯಲ್ಲಿದ್ದೀರಿ, ಕೆಲವರಿಗೆ ಗೊತ್ತಿಲ್ಲ. ನಮ್ಮೆಲ್ಲರಿಗೂ ಬೇಕಾದ ಒಬ್ಬ ಹಿರಿಯರು, ಎಲ್ಲರೂ ಕಾಕಾ ಎಂದೇ ಕರೆಯುವವರು, ಮಧ್ಯಾಹ್ನ ಪತ್ರಿಕೆ ಹಿಡಿದು ಕೂತಲ್ಲಿಯೇ ಬಾಯಿ ತೆರೆದು ನಿದ್ದೆ ಹೋದದ್ದನ್ನು ಅವನು ಬರೆದಿದ್ದ. ಚಿತ್ರ ಬಹಳ ಚೆನ್ನಾಗಿತ್ತು, ಆದ್ದರಿಂದಲೇ ನಾವು ಆ ಹಾಳೆಯನ್ನೇ ತೆರೆದಿಟ್ಟೆವು. ಅಭಿಪ್ರಾಯ ಬರೆಯಲೆಂದು ಪಕ್ಕದಲ್ಲಿಟ್ಟ ಕಾಗದದ ಮೇಲೆ ಯಾರೋ ಒಂದು ಹಾಸ್ಯದ ಸಾಲು ಗೀಚಿದರು. ಕಾಕಾ ಅದನ್ನು ಓದಿ, ಚಪ್ಪಲಿ ಮೆಟ್ಟಿಕೊಂಡು ಹೋದವರು ಹನ್ನೊಂದು ದಿನ ಬರಲಿಲ್ಲ.

ಹನ್ನೆರಡನೆಯ ದಿನ ಮನೆಗೆ ಹೋದೆವು. ಚಹಾ ಕೊಟ್ಟರು. ಆಮೇಲೆ ಹೇಳಿದರು: "ಚಿತ್ರ ಚಲೋ ಅದ. ಹುಡುಗನ ಕೈ ಚಲೋ ಅದ. ಆದ್ರ ನಾ ಬಾಯಿ ತಕ್ಕೊಂಡು ಮಲಗಿದ್ದನ್ನ ನಾಕು ಮಂದಿಗೆ ತೋರ್ಸೂದು ಏನಿತ್ರಿ? ನಲವತ್ತು ವರ್ಷ ರಾತ್ರಿ ಪಾಳಿ, ಹಗಲು ಪಾಳಿ ಮಾಡಿದಾಂವ ನಾ. ಒಂದು ತಾಸು ಕಣ್ಣು ಮುಚ್ಚಿದ್ರ ಅದ ನನ್ನ ಗುರ್ತು ಆತೇನ್ರಿ?"

ನಮ್ಮ ಬಳಿ ಉತ್ತರವಿರಲಿಲ್ಲ. ತಪ್ಪು ಹುಡುಗನದಕ್ಕಿಂತ ನಮ್ಮದು ಹೆಚ್ಚು. ಅವನು ಬರೆದದ್ದು ಅಭ್ಯಾಸಕ್ಕೆ, ಹತ್ತು ಜನರ ಮುಂದೆ ಇಟ್ಟವರು ನಾವು.

ಮರುದಿನ ಹುಡುಗ ತಾನಾಗಿ ಹೋಗಿ, "ಕಾಕಾ, ತಪ್ಪಾತ್ರಿ. ಹಾಳಿ ಹರಿತೀನ್ರಿ" ಎಂದನಂತೆ. ಕಾಕಾ ಹರಿಯಗೊಡಲಿಲ್ಲ. "ಹರೀಬ್ಯಾಡ ತಮ್ಮಾ. ಓದೂದನ್ನೂ ಒಂದು ತಗಿ" ಎಂದು ಕನ್ನಡಕ ಹಾಕಿ, ಪುಸ್ತಕ ಹಿಡಿದು ನೆಟ್ಟಗೆ ಕೂತರು. ಕಾಲು ತಾಸಿಗೆ ಕತ್ತು ವಾಲಿತು. ಹುಡುಗ ಪೆನ್ಸಿಲ್ ಅಲ್ಲಿಗೇ ನಿಲ್ಲಿಸಿದ. ಆ ಹಾಳೆ ಅರ್ಧವೇ ಇದೆ: ಕನ್ನಡಕ, ಪುಸ್ತಕ, ಒಂದು ಕೈ. ಎದ್ದ ಮೇಲೆ ಕಾಕಾ ಅದರ ಕೆಳಗೆ ರುಜು ಹಾಕಿದ್ದಾರೆ. ಎರಡನ್ನೂ ತೋರಿಸಲು, ಈ ಸಂಗತಿ ಹೇಳಲು ಅವರ ಒಪ್ಪಿಗೆ ಇದೆ. ಈಗ ಅವರು ವಾಚನಾಲಯಕ್ಕೆ ಬರುತ್ತಾರೆ. ಮೊದಲಿನ ಕುರ್ಚಿಯಲ್ಲಿ ಕೂಡುವುದಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂಡುತ್ತಾರೆ.

ಕೇಳಿ ಬರೆಯಲಿ ಎಂದು ಸಮಿತಿಯಲ್ಲಿ ಕೆಲವರು ಹೇಳಿದರು. ಕೇಳಿದರೆ ಜನ ಫೋಟೋಕ್ಕೆ ನಿಂತಂತೆ ಬಿಗಿಯುತ್ತಾರೆ, ಮೈಯ ಸಹಜ ವಾಲು ಹೋಗುತ್ತದೆ ಎಂದು ಹುಡುಗ. ಇದೂ ನಿಜ. ಲಕ್ಷ್ಮಣರು ಕಿಟಕಿಯಿಂದ ಆ ಆಳಿಗೆ ಕೂಗಿ ಹೇಳಿದ್ದರೆ ಅವನು ಸೌದೆ ಒಡೆಯುವುದನ್ನೇ ನಿಲ್ಲಿಸುತ್ತಿದ್ದನೇನೋ. ಸದ್ಯಕ್ಕೆ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಇಲ್ಲಿ ಬರೆದದ್ದನ್ನು ಬರೆಸಿಕೊಂಡವರಿಗೆ ಮೊದಲು ತೋರಿಸಬೇಕು. ಬೇಡವೆಂದರೆ ಹಾಳೆ ಅವರ ಕೈಗೆ. ಒಪ್ಪಿದರೆ ಮೇಜಿನ ಮೇಲೆ. ಚೌಕದಲ್ಲಿ ಬರೆದವರನ್ನು ಹುಡುಕಿ ಕೇಳುವುದು ಹೇಗೆ ಎಂಬುದು ಉಳಿದೇ ಇದೆ. ಅವರಲ್ಲಿ ಅರ್ಧ ಜನ ಈಗ ಯಾವ ಊರಿನ ಕಟ್ಟಡದ ಕೆಲಸದಲ್ಲಿದ್ದಾರೋ. ಸದಸ್ಯರಿಗೆ ಇದಕ್ಕಿಂತ ಒಳ್ಳೆಯ ದಾರಿ ಹೊಳೆದರೆ ದಯವಿಟ್ಟು ಬರೆದು ಕೊಡಬೇಕು.

ವಹಿ ಈ ತಿಂಗಳ ಕೊನೆಯವರೆಗೆ ಸಂಜೆ ಆರರಿಂದ ಎಂಟೂವರೆವರೆಗೆ ಮೇಜಿನ ಮೇಲಿರುತ್ತದೆ. ಕೈ ಒರೆಸಿಕೊಂಡು ಹಾಳೆ ತಿರುವಬೇಕು. ಅಭಿಪ್ರಾಯದ ಕೆಳಗೆ ಹೆಸರು ಹಾಕಬೇಕು. ಹೆಸರಿಲ್ಲದ ಹಾಸ್ಯವನ್ನು ನಾವು ತೆಗೆದುಹಾಕುತ್ತೇವೆ. ಮುಂದಿನ ಭಾನುವಾರ ಬೆಳಿಗ್ಗೆ ಕೋಥರೂಡಿನಲ್ಲಿರುವ, 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲುಗಳ ವಸ್ತುಸಂಗ್ರಹಾಲಯಕ್ಕೆ ಹೋಗುವ ಏರ್ಪಾಡಾಗಿದೆ. ಉಗಿ ಇಂಜಿನ್ನಿನ ಸಣ್ಣ ಮಾದರಿಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಬಾಯ್ಲರಿನ ಯಜಮಾನರೂ ಬರುತ್ತಾರೆ. ಬರುವ ಮಕ್ಕಳು ಒಂದು ವಹಿ, ಒಂದು ಪೆನ್ಸಿಲ್ ತರಬೇಕು. ರಬ್ಬರು ಬೇಡವೆಂದು ಹುಡುಗ ಹೇಳಿದ್ದಾನೆ.